ಬಾಕಿ ಮನೆಯ ಸದ್ದು

ಬ್ಯಾಂಕಿನವರು ಹರಾಜು ಹಾಕಿದ ಮನೆಯನ್ನು ನಾನು ಕೊಂಡಾಗ ಅದರ ಮೇಲೆ ಇನ್ನೊಬ್ಬರ ಹಳೆಯ ಬಾಕಿ ಇದೆಯೆಂದು ನನಗೆ ಯಾರೂ ಹೇಳಲಿಲ್ಲ. ಹೇಳಿದವನು ಗ್ಯಾಸಿನವನು. ಸಿಲಿಂಡರ್ ಹೊತ್ತುಕೊಂಡು ಮೂರನೆಯ ಮಹಡಿಗೆ ಬಂದು ಬಾಗಿಲು ಬಡಿದ. "ಬಂದೆ, ಬಂದೆ" ಎಂದು ಒಳಗಿನಿಂದ ಕೂಗಿದೆ. ಮತ್ತೆ ಬಡಿದ. ಕೈಗೆ ಮೆತ್ತಿದ್ದ ಹಿಟ್ಟು ತೊಳೆದುಕೊಂಡು ಬಾಗಿಲು ತೆಗೆಯುವಷ್ಟರಲ್ಲಿ ಅವನು ಸಿಲಿಂಡರನ್ನು ಹೆಗಲಿಗೇರಿಸಿ ಅರ್ಧ ಮೆಟ್ಟಿಲು ಇಳಿದಾಗಿತ್ತು. ನಾನು ಹೊಸ್ತಿಲೊಳಗೇ ನಿಂತು ಬಾಯಿಗೆ ಬಂದಂತೆ ಬೈದೆ. ಅವನು ತಿರುಗಿ ನನ್ನ ಬಾಯಿ ಆಡುವುದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಿವಿ ಮುಟ್ಟಿ ತೋರಿಸಿದ.

"ಬಾಕಿ ಮನಿ ಏನ್ರೀ ಬಾಯೀ? ಹೊರಗ ಬಂದ್ ಬೈರಿ. ಒಳಗಿಂದು ಏನೂ ಕೇಳ್ಸವಲ್ದು."

ಈ ಊರಿನಲ್ಲೇ ಹುಟ್ಟಿ ಬೆಳೆದವಳಿಗೆ ಅಷ್ಟು ಹೇಳಿದರೆ ಸಾಕು. ನಮ್ಮಲ್ಲಿ ಕಟ್ಟಡದ ತಿಂಗಳ ವಂತಿಗೆ ಕೊಡದ ಮನೆಯ ಸದ್ದು ಹೊಸ್ತಿಲು ದಾಟುವುದಿಲ್ಲ. ಹೊರಗಿನದು ಒಳಗೆ ಚೆನ್ನಾಗಿ ಕೇಳಿಸುತ್ತದೆ, ಒಳಗಿನದು ಹೊರಗೆ ಇಲ್ಲ. ಬಾಗಿಲು ತೆರೆದಿಟ್ಟರೂ ಇಲ್ಲ. ಬಾಕಿ ತೀರಿಸಿದ ದಿನ ಅಷ್ಟೂ ದಿನ ತಡೆದು ನಿಂತದ್ದೆಲ್ಲ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೊರಗೆ ಬರುತ್ತದೆ, ಎಷ್ಟು ವರ್ಷದ್ದಾದರೂ ಅಡಕವಾಗಿ ಆ ಒಂದೇ ದಿನದಲ್ಲಿ ಮುಗಿಯುತ್ತದೆ. ಅದಕ್ಕೆ ಜನ ಒಗ್ಗಿಕೊಂಡಿದ್ದಾರೆ. ಹೊಸದಾಗಿ ಮದುವೆಯಾದವರು ಒಂದೆರಡು ತಿಂಗಳು ಬೇಕೆಂದೇ ವಂತಿಗೆ ನಿಲ್ಲಿಸುವುದುಂಟು. ಆಮೇಲೆ ತೀರಿಸುವಾಗ ನಾಚಿಕೊಂಡು ತವರಿಗೆ ಓಡುತ್ತಾರೆ. ನಾನು ಮೊದಲು ಬಾಡಿಗೆಗಿದ್ದ ಕಟ್ಟಡದಲ್ಲಿ ಒಬ್ಬರು ಪಿಟೀಲು ಕಲಿಯುತ್ತಿದ್ದರು. ನೀವು ಅವಸರ ಮಾಡಬೇಡಿ, ನಿಧಾನಕ್ಕೆ ಕೊಡಿ ಎಂದು ಅಕ್ಕಪಕ್ಕದವರೇ ಬೇಡಿಕೊಳ್ಳುತ್ತಿದ್ದರು.

ಬಾಕಿ ತೀರುವ ದಿನಕ್ಕೆ ಒಂದು ರೀತಿ ರಿವಾಜು ಇದೆ. ತೀರಿಸಿದವರು ಎಲ್ಲರಿಗೂ ಚುರುಮುರಿ, ಪುಟಾಣಿ ಹಂಚಬೇಕು. ಕೇಳಲು ಮನಸ್ಸಿಲ್ಲದವರು ಊರ ಮೇಲೆ ತಿರುಗಾಡಲು ಹೋಗುತ್ತಾರೆ. ಉಳಿದವರು ಮೆಟ್ಟಿಲ ಮೇಲೆ ಕುಳಿತು ಕೇಳುತ್ತಾರೆ. ಎಲ್ಲ ಮುಗಿದ ಮೇಲೆ ಅಂಗಳದ ನಲ್ಲಿಗೆ ಹೋಗಿ ಎರಡೂ ಕಿವಿ ತೊಳೆದುಕೊಳ್ಳಬೇಕು. ತೊಳೆದುಕೊಂಡರೆ ಕೇಳಿಲ್ಲವೆಂದೇ ಲೆಕ್ಕ. ಅಲ್ಲಿ ಕೇಳಿದ ಮಾತನ್ನು ಆಮೇಲೆ ಎತ್ತಿದವರನ್ನು ಯಾರೂ ಮನೆಗೆ ಸೇರಿಸುವುದಿಲ್ಲ. ಗಂಡ ಹೆಂಡತಿಯನ್ನು ಹೊಡೆದ ಸದ್ದನ್ನೂ ನಮ್ಮ ಊರು ಹೀಗೆ ತೊಳೆದುಕೊಂಡದ್ದಿದೆ. ಅದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ.

ಅಂದೇ ಸಂಜೆ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ಬಳಿಗಾರರ ಮನೆಗೆ ಹೋದೆ. ಬಳಿಗಾರರು ನಿವೃತ್ತ ಡ್ರಾಯಿಂಗ್ ಮಾಸ್ತರರು. ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಯಾವಾಗಲೂ ನಗು. ನನಗೆ ಆ ನಗು ನೋಡಿದರೇ ಮೈ ಉರಿಯುತ್ತದೆ.

"ಬಾಕಿ ಮನಷ್ಯಾಂದಲ್ರೀ, ಮನೀದು," ಎಂದರು. "ಮನಿ ಯಾರ್ ತಗೊಂಡ್ರೋ ಬಾಕೀನೂ ಅವರ ತಗೊಂಡಂಗ."

"ನಾ ಈ ಮನ್ಯಾಗ ಒಂದ್ ಲೋಟ ನೀರೂ ಕುಡಿದಿದ್ದಿಲ್ಲ ಆವಾಗ. ಮೆಟ್ಟಿಲ ಹತ್ತಿಲ್ಲ, ಲೈಟ್ ಹಚ್ಚಿಲ್ಲ. ನಾ ಯಾಕ ಕೊಡ್ಲಿ? ಬ್ಯಾಂಕಿನವರನ್ನ ಕೇಳ್ರಿ."

"ಬ್ಯಾಂಕಿನವರು ನಾವು ಬರೇ ಕೀಲಿ ಹಾಕಿದವರು ಅಂತಾರ."

"ಹಂಗಾರ ಮೊದಲಿನವರನ್ನ ಕೇಳ್ರಿ."

"ಅವರ ಹತ್ರ ಇದ್ದಿದ್ರ ಬ್ಯಾಂಕು ಯಾಕ ಮನಿ ಕಸಗೋತಿತ್ತು?" ಎಂದು ನಕ್ಕರು.

ನನ್ನ ಪಾಲಿನ ಹೊಸ ತಿಂಗಳುಗಳದ್ದನ್ನಾದರೂ ಕೊಟ್ಟುಬಿಡುತ್ತೇನೆ ಎಂದೆ. ಕೊಡಿ, ಆದರೆ ಅದನ್ನು ಮೊದಲು ಹಳೆಯದಕ್ಕೇ ಜಮಾ ಮಾಡುವುದು ಸಂಘದ ಪದ್ಧತಿ ಎಂದರು. ಅಂದರೆ ನಾನು ಎಷ್ಟು ಕೊಟ್ಟರೂ ನನ್ನ ಮನೆ ಮೂಗ ಮನೆಯೇ. ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಊರಿನ ತಕ್ಕಡಿಗಳಿಗೆಲ್ಲ ಮುದ್ರೆ ಒತ್ತುವವಳು. ಇನ್ನೊಬ್ಬರ ತಟ್ಟೆಯದು ನನ್ನ ತಟ್ಟೆಗೆ ಬೀಳುವುದನ್ನು ನೋಡಿಕೊಂಡು ಸುಮ್ಮನಿರುವ ಜಾತಿಯಲ್ಲ ನಾನು. ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂದು ಹೇಳಿ ವಸತಿ ನ್ಯಾಯಪೀಠಕ್ಕೆ ಹೋದೆ.

ನ್ಯಾಯಪೀಠ ಬೇಸಿಗೆ ಕಳೆದು ಮಳೆ ಮುಗಿಯುವವರೆಗೆ ಎಳೆಯಿತು. ಅಷ್ಟೂ ದಿನ ನಾನು ಆ ಮನೆಯಲ್ಲಿದ್ದೆ.

ನಾನು ಒಂಟಿ. ಮದುವೆಯಾಗಲಿಲ್ಲ, ಯಾಕೆ ಎಂಬುದು ಈ ಕಥೆಗೆ ಬೇಕಿಲ್ಲ. ಒಂಟಿಯಾಗಿರುವುದು ನನಗೆ ಹೊಸದೂ ಅಲ್ಲ. ಆದರೆ ಬಾಡಿಗೆ ಮನೆಯಲ್ಲಿದ್ದಾಗ ನಾನು ಒಂಟಿಯಾಗಿದ್ದರೂ ಸದ್ದು ಮಾಡುವ ಒಂಟಿ. ಪಾತ್ರೆ ಬೀಳಿಸಿದರೆ ಕೆಳಗಿನವರು ಗೊಣಗುತ್ತಿದ್ದರು. ಕೆಮ್ಮಿದರೆ ಮರುದಿನ ಯಾರಾದರೂ ಶುಂಠಿ ಕಷಾಯ ಕುಡಿಯಿರಿ ಎನ್ನುತ್ತಿದ್ದರು. ಇಲ್ಲಿ ಹಿತ್ತಾಳೆ ಹಂಡೆಯನ್ನೇ ಉರುಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಜನ ಕೆಟ್ಟವರಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾರೆ, "ಅಯ್ಯ, ನೀವು ಊರಾಗಿಲ್ಲ ಅನ್ಕೊಂಡಿದ್ವಿ" ಎನ್ನುತ್ತಾರೆ. ಎದುರುಮನೆಯ ಕಸ್ತೂರಕ್ಕ ಒಂದು ಸಲ ಹಬ್ಬದ ಹೋಳಿಗೆಯನ್ನು ಇಡೀ ಮಹಡಿಗೆ ಹಂಚಿ ನನ್ನ ಬಾಗಿಲ ಮುಂದೆಯೇ ಹಾದುಹೋದರು. ನಾನು ಒಳಗೆ ರೇಡಿಯೋ ಹಾಕಿಕೊಂಡು ಕುಳಿತಿದ್ದೆ. ಅವರಿಗೆ ಏನು ಕೇಳಿಸಬೇಕು? ತಪ್ಪು ಅವರದಲ್ಲ, ಗೊತ್ತು. ಆದರೂ ಅವತ್ತು ಕುಳಿತಲ್ಲೇ ಅತ್ತೆ.

ಕಸ್ತೂರಕ್ಕನ ಮನೆಯಲ್ಲಿ ಗಂಡ, ಮೂವರು ಹೆಣ್ಣುಮಕ್ಕಳು, ಒಬ್ಬ ಮೈದುನ. ಸಂಜೆ ರೊಟ್ಟಿ ಬಡಿಯುವ ಸದ್ದು ನನ್ನ ಮನೆಯ ಹಾಲ್‌ನೊಳಗೇ ಬಡಿದಂತೆ ಕೇಳಿಸುತ್ತಿತ್ತು. ಆಮೇಲೆ ಅವರ ದನಿ: "ಬರ್ರೇ ಊಟಕ್ಕ! ರೊಟ್ಟಿ ಆರ್ತಾವು!" ಮೊದಮೊದಲು ಸುಮ್ಮನೆ ಕೇಳುತ್ತಿದ್ದೆ. ಒಂದು ದಿನ ಹುಡುಗಾಟಿಕೆಗೆ "ಬಂದೆರೀ" ಎಂದೆ. ಯಾರಿಗೂ ಕೇಳಿಸುವುದಿಲ್ಲವಲ್ಲ. ಆಮೇಲೆ ಅದೇ ರೂಢಿಯಾಯಿತು. ಅವರು ಕರೆಯುವುದು, ನಾನು "ಬಂದೆರೀ" ಎಂದು ಎದ್ದು ನನ್ನ ಅಡುಗೆಮನೆಗೆ ಹೋಗಿ ನಿಂತುಕೊಂಡೇ ತಿನ್ನುವುದು.

ತೀರ್ಪು ನನ್ನ ಕಡೆ ಬಂತು. ಹರಾಜಿಗಿಂತ ಹಿಂದಿನ ಬಾಕಿಗೆ ಹರಾಜಿನಲ್ಲಿ ಕೊಂಡವರು ಹೊಣೆಯಲ್ಲ, ಕೊಂಡ ದಿನದಿಂದ ಮುಂದಿನದು ಮಾತ್ರ ಅವರದು, ಹಿಂದಿನದನ್ನು ಹಿಂದಿನ ಮಾಲೀಕರಿಂದ ವಸೂಲು ಮಾಡಿ ಇಲ್ಲವೇ ಕೈಬಿಡಿ ಎಂದರು. ಬಳಿಗಾರರ ನಗು ಸ್ವಲ್ಪ ಸಣ್ಣದಾಯಿತು. ಮುಂದಿನ ಭಾನುವಾರದ ಸಭೆಯಲ್ಲಿ ಕೈಬಿಡುವ ಠರಾವು ಮಾಡುತ್ತೇವೆ, ಆಮೇಲೆ ನಿಮ್ಮದಷ್ಟನ್ನೇ ಕೊಡಿ ಎಂದರು. ನಾನು ಗೆದ್ದ ಸಂತೋಷಕ್ಕೆ ಬಡಗಿಯನ್ನು ಕರೆಸಿ ಹಾಲ್‌ನ ಕಿಟಕಿಯ ಪಕ್ಕಕ್ಕೆ ತೇಗದ ಜೋಕಾಲಿಯ ಅಳತೆ ಕೊಟ್ಟೆ. ಚಿಕ್ಕಂದಿನಿಂದ ಆಸೆ. ಅದಕ್ಕೆಂದೇ ದುಡ್ಡು ಎತ್ತಿಟ್ಟಿದ್ದೆ. ಬಡಗಿ ಮೇಲೆ ಹತ್ತಿ ಎರಡು ಕೊಂಡಿ ಹಾಕಿಹೋದ.

ಶುಕ್ರವಾರ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಬಾಗಿಲ ಹೊರಗೆ ಒಬ್ಬ ಮುದುಕ ನಿಂತಿದ್ದ. ಮುಖದ ಸುಕ್ಕಿನೊಳಗೆಲ್ಲ ಹಿಟ್ಟಿನ ಪುಡಿ. ಎಲ್ಲೋ ನೋಡಿದ್ದೇನೆ ಅನಿಸಿತು. ಸಂತೆಪೇಟೆಯ ಹಿಟ್ಟಿನ ಗಿರಣಿಯಲ್ಲಿ ತಕ್ಕಡಿಯ ಹತ್ತಿರ ಕೂರುವವನು. ಹಿಂದಿನ ತಿಂಗಳು ತಪಾಸಣೆಗೆ ಹೋದಾಗ ಕಂಡಿದ್ದೆ.

"ತಕ್ಕಡಿ ಕೆಟ್ಟೈತೇನ್ರೀ?" ಎಂದೆ.

"ಅಲ್ರೀ ಬಾಯಾರ. ನಾ ಗುರುಸಿದ್ಧಪ್ಪ. ಈ ಮನಿ ಮೊದಲ ನಂದಿತ್ತು."

ನಾನು ತಕ್ಷಣ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಮನೆ ವಾಪಸ್ ಕೇಳಲು ಬಂದನೇನೋ ಎಂದು ಹೆದರಿಕೆ. ಅವನು ಒಳಗೆ ಇಣುಕಲೂ ಇಲ್ಲ. ತಲೆ ತಗ್ಗಿಸಿ ನಿಂತಿದ್ದ. ನಾನೂ ಕೆಳಗೆ ನೋಡಿದೆ. ಕಾಲಲ್ಲಿ ಹೆಂಗಸರ ಚಪ್ಪಲಿ. ಅಳತೆಯವಳ ಕಣ್ಣು, ಬೇಡವೆಂದರೂ ಬೀಳುತ್ತದೆ. ಹಿಮ್ಮಡಿ ಎರಡು ಬೆರಳು ಹೊರಗೆ ಚಾಚಿತ್ತು. ಬಡತನಕ್ಕೆ ಯಾರೋ ಕೊಟ್ಟದ್ದಿರಬೇಕು ಅಂದುಕೊಂಡೆ.

ಅವನು ಹೇಳಿದ್ದು ಇಷ್ಟು. ಹೆಂಡತಿ ನೀಲವ್ವ ಮೂರು ವರ್ಷ ಹಾಸಿಗೆ ಹಿಡಿದಿದ್ದಳು. ಔಷಧಕ್ಕೆಂದು ಮನೆಯ ಮೇಲೆ ಸಾಲ ತೆಗೆದ. ಸಾಲದ ಕಂತು ನಿಂತಿತು, ಅದಕ್ಕೂ ಮೊದಲೇ ವಂತಿಗೆ ನಿಂತಿತ್ತು. ಒಂದು ಮಧ್ಯಾಹ್ನ ಗುಳಿಗೆ ತರಲು ಹೋಗಿ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

"ನಾ ಹೊರಗ ಹೋದಾಗ ಅಕಿ ನನ್ನ ಕರದ್ಲೋ ಇಲ್ಲೋ ನನಗ ಗೊತ್ತಿಲ್ರೀ. ಎದುರುಮನ್ಯಾಗ ಜನ ಇದ್ರು, ಆದ್ರ ಅವರಿಗೆ ಕೇಳ್ಸಂಗಿಲ್ಲ. ಕರದಿದ್ರ ಕರದಾಳು. ಅದನ್ನ ಕೇಳ್ಬೇಕ್ರೀ ನಾ. ಐತವಾರ ಬಾಕಿ ಕೈಬಿಟ್ರ ಎಲ್ಲಾ ಅಳಿಸಿ ಹೊಕ್ಕೈತಿ ಅಂದ್ರು ಬಳಿಗಾರ ಮಾಸ್ತರ." ಅಂಗಿಯೊಳಗಿಂದ ಒಂದು ಗಂಟು ತೆಗೆದ. "ಅರ್ಧ ಆಗೈತ್ರೀ. ಅವರು ಅರ್ಧ ತಗೊಳ್ಳಂಗಿಲ್ಲ. ಐತವಾರದೊಳಗ ಉಳಿದದ್ದು ನನ್ನಿಂದ ಆಗಂಗಿಲ್ಲ."

ಉಳಿದರ್ಧ ಯಾರು ಕೊಡಬೇಕು ಎಂದು ಅವನು ಹೇಳಲಿಲ್ಲ. ನನಗೆ ಸಿಟ್ಟೇ ಬಂತು. ಇಷ್ಟು ದಿನ ಬಡಿದಾಡಿ, ವಕೀಲರ ಬಾಗಿಲು ಕಾದು, ನನ್ನದಲ್ಲ ಎಂದು ಬರೆಸಿಕೊಂಡದ್ದನ್ನು ಈಗ ನಾನೇ ಹೊರಬೇಕೇ?

"ನೋಡ್ರಿ, ತೀರ್ಪು ನನ್ನ ಕಡೆ ಆಗೈತಿ," ಎಂದೆ. "ಅದು ನನ್ನ ಬಾಕಿ ಅಲ್ಲ."

"ಅಲ್ರೀ, ನಿಮ್ಮದಲ್ಲ," ಎಂದು ಅವನೂ ಒಪ್ಪಿಕೊಂಡ. ಗಂಟನ್ನು ಒಳಗಿಟ್ಟುಕೊಂಡ. ನಾಲ್ಕು ಮೆಟ್ಟಿಲಿಳಿದು ತಿರುಗಿ, "ಹಾಲಿನ್ಯಾಗ ಕಿಡಕಿ ಬಾಜೂಕ ಅಕಿ ಮಂಚ ಇತ್ರೀ. ಈಗ ಅಲ್ಲಿ ಏನ್ ಇಟ್ಟೀರಿ?" ಎಂದು ಕೇಳಿದ.

"ಏನೂ ಇಟ್ಟಿಲ್ಲ," ಎಂದೆ. ಜೋಕಾಲಿಯ ಸುದ್ದಿ ಹೇಳಲು ಬಾಯಿ ಬರಲಿಲ್ಲ.

ಆ ದಿನ ಮೂರು ಅಂಗಡಿಯವರ ಮೇಲೆ ಕಾಲು ಕೆರೆದು ಜಗಳ ಮಾಡಿದೆ. ಸಂಜೆ ಮನೆಗೆ ಬಂದು ಕಿಟಕಿಯ ಪಕ್ಕ, ಕೊಂಡಿಗಳ ಕೆಳಗೆ, ಬರೀ ನೆಲದ ಮೇಲೆ ಕುಳಿತೆ. ಅಲ್ಲಿಂದ ಬಾಗಿಲು ನೇರ ಕಾಣುತ್ತದೆ. ಚಪ್ಪಲಿ ಬಿಡುವ ಜಾಗ ಕಾಣುತ್ತದೆ. ಎದುರುಮನೆಯಲ್ಲಿ ರೊಟ್ಟಿಯ ಸದ್ದು ಶುರುವಾಯಿತು, ಆಮೇಲೆ ನಿಂತಿತು. "ಬರ್ರೇ ಊಟಕ್ಕ!" ಎಂದರು ಕಸ್ತೂರಕ್ಕ. "ಬಂದೆರೀ" ಎಂದೆ. ಎಂದವಳು ಏಳಲಿಲ್ಲ. ನೀಲವ್ವನಿಗೂ ಈ ಕರೆ ಹೀಗೇ ಕೇಳಿಸಿರಬೇಕು ಅನಿಸಿತು. ದಿನಾ ಕೇಳಿಸಿರಬೇಕು. ಅವಳೂ ಏನಾದರೂ ಹೇಳಿರಬೇಕು. ಹೇಳಿದ್ದು ಈ ಗೋಡೆಯ ಆಚೆ ಹೋಗಿಲ್ಲ. ನಾನು ಹೇಳಿದ್ದೂ ಹೋಗಿಲ್ಲ. ನಾನು ಸತ್ತರೂ ಗ್ಯಾಸಿನವನು ಬರುವವರೆಗೆ ಇಲ್ಲೇ ಬಿದ್ದಿರುತ್ತೇನೆ. ಅವತ್ತು ನನಗೆ ಆ ಮನೆಯಲ್ಲಿ ಮೊದಲ ಸಲ ಹೆದರಿಕೆಯಾಯಿತು.

ಮರುದಿನ ಬಡಗಿಗೆ ಜೋಕಾಲಿ ಬೇಡವೆಂದು ಹೇಳಿದೆ. ಆಮೇಲೆ ಗಿರಣಿಗೆ ಹೋದೆ. ಅಲ್ಲಿನ ಗದ್ದಲದಲ್ಲಿ ಗುರುಸಿದ್ಧಪ್ಪನ ಕಿವಿಗೆ ಬಾಯಿಟ್ಟು ಮೂರು ಸಲ ಕೂಗಬೇಕಾಯಿತು: "ನಾಳೆ ಮುಂಜಾನೆ ಬರ್ರಿ! ಗಂಟ ತಗೊಂಡ್ ಬರ್ರಿ!"

ಭಾನುವಾರ ಅಂಗಳದಲ್ಲಿ ಸಭೆ ಸೇರಿತು. ಬಳಿಗಾರರು ಠರಾವು ಓದಲು ಕನ್ನಡಕ ಏರಿಸುವಾಗ ನಾನು ಎದ್ದು ನಿಂತೆ. ಕೈಬಿಡಬೇಡಿ, ಹಳೆಯದು ಹೊಸದು ಎಲ್ಲ ನಾನೇ ಕೊಡುತ್ತೇನೆ ಎಂದೆ.

"ನೀವು ಗೆದ್ದೀರಿ ಇನ್ಸ್‌ಪೆಕ್ಟರ್ ಬಾಯೀ," ಎಂದರು ಬಳಿಗಾರರು. ನಗು ಪೂರ್ತಿ ಹೋಗಿತ್ತು. "ಗೆದ್ದ ಮ್ಯಾಲ ಯಾರರ ಕೊಡ್ತಾರೇನು?"

"ಹೊಣಿ ನಂದಲ್ಲ ಅಂತ ಬರಕೊಳ್ರಿ. ರೊಕ್ಕ ನಂದು ಅಂತ ಬರಕೊಳ್ರಿ. ಎರಡೂ ಖರೇನ."

ಗುರುಸಿದ್ಧಪ್ಪನ ಗಂಟು, ನನ್ನ ಜೋಕಾಲಿಯ ದುಡ್ಡು ಎರಡೂ ಸೇರಿ ಬಾಕಿ ತೀರಿತು. ಚುರುಮುರಿ ತರಿಸಿ ಹಂಚಿದೆ. ಕೆಲವರು ಚೀಲ ಹಿಡಿದು ಮಾರ್ಕೆಟ್ಟಿಗೆ ಹೋದರು. ಬಹಳಷ್ಟು ಜನ ಉಳಿದರು. ಮೂರು ವರ್ಷದ ಬಾಕಿ ನಮ್ಮ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ಗುರುಸಿದ್ಧಪ್ಪ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಗೋಡೆಗೆ ಅಂಟಿಕೊಂಡು ಕುಳಿತ. ಚಪ್ಪಲಿ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡ. ನಾನು ಅವನ ಹತ್ತಿರ ಕುಳಿತೆ. ಕಸ್ತೂರಕ್ಕ ತಮ್ಮ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತರು.

ಮೊದಲು ಬಂದದ್ದು ಕುಕ್ಕರ್ ಸೀಟಿ. ಮೇಲಿಂದ ಮೇಲೆ ಸೀಟಿ. ಆಮೇಲೆ ಉಪ್ಪಿನಕಾಯಿಗೆ ಉಪ್ಪು ಜಾಸ್ತಿಯಾಯಿತೆಂದು ಗಂಡ ಹೆಂಡತಿ ಜಗಳ. ನೀಲವ್ವನ ದನಿ ದಪ್ಪ, ಗಂಡಸಿನಂಥದು. ಅವಳು ಬೈಯುವುದನ್ನು ಕೇಳಿ ಮೆಟ್ಟಿಲ ಮೇಲಿದ್ದವರು ನಕ್ಕರು, ಗುರುಸಿದ್ಧಪ್ಪನೂ ನಕ್ಕ. ಮಧ್ಯಾಹ್ನದ ಹೊತ್ತಿಗೆ ಕೆಮ್ಮು ಶುರುವಾಯಿತು. ಕೆಮ್ಮಿನ ನಡುವೆ ಮಾತು ಕಡಿಮೆಯಾಗುತ್ತ ಬಂತು. ಒಂದು ಸಲ ನೀಲವ್ವ, "ಕಸ್ತೂರವ್ವಾ, ಮನ್ಯಾಗ ಅದೀಯೇನಽ? ಒಂದೀಟ ನೀರ ಕೊಡವಾ," ಎಂದು ಕರೆದಳು. ಸ್ವಲ್ಪ ಬಿಟ್ಟು ಮತ್ತೆ ಕರೆದಳು. ಆಮೇಲೆ, "ಇರ್ಲಿ ಬಿಡು, ಅಂವ ಬರ್ತಾನ," ಎಂದಳು. ಕಸ್ತೂರಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಚುರುಮುರಿ ತಿನ್ನುತ್ತಿದ್ದವರ ಕೈ ನಿಂತಿತು.

ಬಿಸಿಲು ಇಳಿಯುವ ಹೊತ್ತಿಗೆ ಗುರುಸಿದ್ಧಪ್ಪ ನನ್ನ ಕೈ ಹಿಡಿದ. "ಇದಽ ರೀ. ಇದಽ ಆ ದಿನ." ಒಳಗಿನಿಂದ ಅವನದೇ ದನಿ ಬಂತು, "ಹೀಂಗ ಹೋಗಿ ಹಾಂಗ ಬಂದೆ". ಬಾಗಿಲು ಮುಚ್ಚಿದ ಸದ್ದು. ಆಮೇಲೆ ಏನೂ ಇಲ್ಲ. ಅವನು ಉಸಿರು ಬಿಗಿಹಿಡಿದಿದ್ದ. ನಾನೂ ಹಿಡಿದಿದ್ದೆ. ಕರೆಯಬೇಡವೇ ತಾಯಿ, ಕರೆಯಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ನೀಲವ್ವ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು, ಮಂಚ ಕಿರುಗುಡುವಷ್ಟು ನಕ್ಕಳು. "ಅಯ್ಯಯ್ಯ, ನನ್ನ ಚಪ್ಪಲಿ ಹಾಕ್ಕೊಂಡು ಹೋಗ್ಯಾನಲ್ಲವ್ವ! ಪ್ಯಾಟ್ಯಾಗ ಮಂದಿ ಏನಂದಾರು!" ಮತ್ತೆ ನಗು. "ಬರ್ಲಿ, ಬರ್ಲಿ. ಹೇಳ್ತೀನಿ."

ಅಷ್ಟೇ. ಅದಾದ ಮೇಲೆ ಅವಳ ಸದ್ದು ಇಲ್ಲ. ಅವನು ವಾಪಸ್ ಬಂದು ಅತ್ತದ್ದು, ಕಡೆಗೆ ಬ್ಯಾಂಕಿನವರು ಕೀಲಿ ಹಾಕಿದ್ದು, ಇಷ್ಟೇ ಬಂತು.

ಗುರುಸಿದ್ಧಪ್ಪ ಪಕ್ಕದಲ್ಲಿದ್ದ ಚಪ್ಪಲಿಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ. "ಹೌದ್ರೀ," ಎಂದ. "ಗಡಿಬಿಡ್ಯಾಗ ಅಕೀವು ಹಾಕ್ಕೊಂಡ್ ಹೋಗಿದ್ದೆ. ಅಕಿ ನೋಡ್ಯಾಳ." ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ತಿಳಿಯಲಿಲ್ಲ. ಬಹುಶಃ ಎರಡೂ. ನನ್ನ ಕಣ್ಣಿನಲ್ಲೂ ನೀರು. ಮೆಟ್ಟಿಲಲ್ಲಿದ್ದ ಹೆಂಗಸರು ಮೂಗು ಒರೆಸಿಕೊಂಡು ಏಳತೊಡಗಿದರು.

ಅಷ್ಟರಲ್ಲಿ ಒಳಗಿನಿಂದ "ಬಂದೆ, ಬಂದೆ" ಎಂದು ಯಾರೋ ಕೂಗಿದರು. ಅದರ ಹಿಂದೆಯೇ ಗ್ಯಾಸಿನವನ ವಂಶವನ್ನೆಲ್ಲ ಎತ್ತಿ ಬೈದ ಬೈಗುಳ. ಎದ್ದವರು ಮತ್ತೆ ಕುಳಿತರು. ನೀಲವ್ವನ ಬಾಕಿಯ ಯೋಚನೆಯಲ್ಲಿ ನನ್ನದನ್ನು ಮರೆತೇಬಿಟ್ಟಿದ್ದೆ. ಎಲ್ಲ ತಕ್ಕಡಿಗಳ ಎರಡೂ ತಟ್ಟೆ ನೋಡುವವಳು, ನನ್ನ ತಟ್ಟೆ ನೋಡಿಕೊಂಡಿರಲಿಲ್ಲ. ನಾನು ಎಣ್ಣೆ ಹಚ್ಚಿಕೊಳ್ಳುತ್ತ ಹಾಡಿದ್ದು ಬಂತು. ಬಳಿಗಾರರ ನಗುವನ್ನು ಅಣಕಿಸಿ ಅವರನ್ನು ಬೈದದ್ದು ಬಂತು. ಹೋಳಿಗೆಯ ದಿನ ಮುಸುಮುಸು ಅತ್ತದ್ದು ಬಂತು. ಆಮೇಲೆ "ಬಂದೆರೀ". ಮತ್ತೆ "ಬಂದೆರೀ". ಬೇಸಿಗೆಯಿಡೀ, ಮಳೆಗಾಲವಿಡೀ, ಯಾರೂ ಕರೆಯದ ಊಟಕ್ಕೆ "ಬಂದೆರೀ, ಬಂದೆರೀ". ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಕಸ್ತೂರಕ್ಕನ ಕಡೆ ನೋಡಿದರು. ನಾನು ಎದ್ದು ಒಳಗೆ ಓಡಿ ಬಾಗಿಲು ಹಾಕಿಕೊಂಡೆ. ಅಂಗಳದಲ್ಲಿ ನಲ್ಲಿ ಬಿಟ್ಟು ಕಿವಿ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಮರುದಿನ ಮುಂಜಾನೆ ಯಾರ ಮುಖವನ್ನೂ ನೋಡದೆ ಕಚೇರಿಗೆ ಹೋದೆ. ಮೆಟ್ಟಿಲಲ್ಲಿ ಸಿಕ್ಕ ಬಳಿಗಾರರು ಎಂದಿನಂತೆ ನಕ್ಕು "ಬಿಸಲ ಭಾಳ ಐತಿ" ಎಂದರು. ಕಿವಿ ತೊಳೆದುಕೊಂಡಿದ್ದರು, ಪಾಪ. ಸಂಜೆ ಬಂದವಳು ಸೌಟಿನ ಸದ್ದೂ ಆಗದಂತೆ ಅನ್ನಕ್ಕಿಟ್ಟೆ. ಈಗ ನನ್ನ ಮನೆಯ ಸದ್ದೆಲ್ಲ ಹೊರಗೆ ಹೋಗುತ್ತದೆ. ಅದಕ್ಕಾಗಿ ಅಷ್ಟು ಬಡಿದಾಡಿದವಳು ಈಗ ಕೆಮ್ಮು ಬಂದರೆ ದಿಂಬಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಎದುರುಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಬರ್ರೇ ಊಟಕ್ಕ! ರೊಟ್ಟಿ ಆರ್ತಾವು!"

ನಾನು ಬಾಯಿ ಬಿಗಿದುಕೊಂಡು ಕೊಂಡಿಗಳ ಕೆಳಗೆ ಕುಳಿತಿದ್ದೆ. ಮಕ್ಕಳು ತಟ್ಟೆ ಹಾಕಿಕೊಳ್ಳುವುದು ಕೇಳಿಸಿತು. ಮೈದುನ ಮಣೆ ಎಳೆದದ್ದು ಕೇಳಿಸಿತು. ಆಮೇಲೆ ಅವರ ಬಾಗಿಲು ತೆರೆಯಿತು, ಬಳೆಗಳ ಸದ್ದು ನನ್ನ ಹೊಸ್ತಿಲವರೆಗೆ ಬಂದು ನಿಂತಿತು.

"ಇನ್ಸ್‌ಪೆಕ್ಟರ್ ಬಾಯೀ," ಎಂದರು ಕಸ್ತೂರಕ್ಕ. "ನಾ ನಿನ್ನೆ ಕಿವಿ ತೊಳಕೊಂಡಿಲ್ಲ."

ಬಳೆಗಳು ನನ್ನ ಬಾಗಿಲಿಗೆ ತಾಗಿದವು.

"ಊಟಕ್ಕ ಬರ್ರಿ. ಕರಿಯಾಕತ್ತೀನಿ."

ಎಷ್ಟೋ ಸಲ ಹೇಳಿ ರೂಢಿಯಾದ ಮಾತು ಅವತ್ತು ಬಾಯಿಂದ ಹೊರಡಲೇ ಒಲ್ಲದು. ಎದ್ದು ನಿಂತು, ಬಾಗಿಲ ಕಡೆ ನೋಡಿ, ಮೆಲ್ಲಗೆ, "ಬಂದೆರೀ," ಎಂದೆ.

"ಹಾಂ, ಕೇಳ್ತು," ಎಂದರು ಆ ಕಡೆಯಿಂದ. "ಲಗೂನ ಬರ್ರಿ."